‘ಆ ಹುಡುಗ ಸರಿಯಿಲ್ಲ’ ಅನ್ನೋ ಮೊದಲು

ಇವತ್ತು ಮಾತಾಡೋಣ ಅಂತಿರೋದು ಹೈಸ್ಕೂಲ್ ಮಕ್ಕಳ ಬಗ್ಗೆ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ವಯಸ್ಸು. ಕ್ಲಾಸ್ ಬಂಕ್ ಮಾಡೋದು, ಟಾಯ್ಲೆಟ್ಟಲ್ಲಿ ವೇಪ್ ಎಳೆಯೋದು, ಒಬ್ಬನನ್ನೇ ಹಿಡ್ಕೊಂಡು ಗೋಳು ಹೊಯ್ಕೊಳ್ಳೋದು, ಸುಳ್ಳು ಸಹಿ, ಸಣ್ಣಪುಟ್ಟ ಕಳ್ಳತನ. ಪುಸ್ತಕದಲ್ಲಿ ಇದಕ್ಕೆ ‘ಡೀವಿಯೆಂಟ್ ಬಿಹೇವಿಯರ್’ ಅಂತಾರೆ. ನಮ್ಮ ಮಾತಲ್ಲಿ ‘ದಾರಿ ತಪ್ಪಿದ’ ಅಂತೀವಿ.

ಇದರಿಂದ ಯಾರ ನೆಮ್ಮದಿ ಹಾಳಾಗುತ್ತೆ? ಪೆಟ್ಟು ತಿಂದ ಮಗುವಿನದು ಅಂತ ಎಲ್ಲರಿಗೂ ಗೊತ್ತು. ಶಾಲೆಗೆ ಹೋಗೋಕೆ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ, ಮಾರ್ಕ್ಸ್ ಇಳಿಯುತ್ತೆ. ಎರಡನೆಯವರು ನೋಡ್ತಾ ನಿಂತ ಮಕ್ಕಳು. ‘ನಾಳೆ ನನ್ನ ಸರದಿ’ ಅನ್ನೋ ಭಯಕ್ಕೆ ಅವರು ಬಾಯಿ ಮುಚ್ಕೊಂಡಿರ್ತಾರೆ, ಕೆಲವರು ನಗುವಿಗೆ ಸೇರ್ಕೊಳ್ತಾರೆ. ನಾವು ಮರೆಯೋದು ಮೂರನೆಯವನನ್ನು, ತಪ್ಪು ಮಾಡಿದವನನ್ನು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮಕ್ಕಳು ದೊಡ್ಡವರಾಗೋವರೆಗೂ ಹಿಂಬಾಲಿಸಿ ನಡೆಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ಬೇರೆಯವರಿಂದ ಹಿಂಸೆ ಅನುಭವಿಸಿ, ತಾವೂ ಇನ್ನೊಬ್ಬರಿಗೆ ಹಿಂಸೆ ಕೊಟ್ಟ ಮಕ್ಕಳೇ ದೊಡ್ಡವರಾದಾಗ ಮಾನಸಿಕವಾಗಿ ಹೆಚ್ಚು ಕುಗ್ಗಿದ್ದು ಅದರಲ್ಲಿ ಕಂಡುಬಂತು. ಅಂದ್ರೆ ‘ರೌಡಿ’ ಅಂತ ನಾವು ಕೈ ತೋರಿಸೋ ಹುಡುಗನೇ ಎಲ್ಲರಿಗಿಂತ ಹೆಚ್ಚು ನೋವಲ್ಲಿರಬಹುದು.

ಈ ವಯಸ್ಸಲ್ಲೇ ಯಾಕೆ ಹೀಗೆ? ಮಾರ್ಗೋ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಕಂಪ್ಯೂಟರಲ್ಲಿ ಕಾರ್ ಓಡಿಸೋ ಆಟ. ಹಳದಿ ದೀಪ ಬಂದಾಗ ನಿಲ್ಲಿಸಬೇಕಾ, ನುಗ್ಗಬೇಕಾ? 13ರಿಂದ 16 ವಯಸ್ಸಿನ ಮಕ್ಕಳು ಒಬ್ಬರೇ ಆಡಿದಾಗ ತಕ್ಕಮಟ್ಟಿಗೆ ಹುಷಾರಾಗೇ ಇದ್ರು. ಸ್ನೇಹಿತರು ಪಕ್ಕದಲ್ಲಿ ಕೂತಾಗ ರಿಸ್ಕ್ ತುಂಬಾ ಜಾಸ್ತಿ ತಗೊಂಡ್ರು. ದೊಡ್ಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ‘ಬುದ್ಧಿ ಇಲ್ವಾ ನಿಂಗೆ?’ ಅಂತ ಕೇಳಿ ಪ್ರಯೋಜನ ಇಲ್ಲ. ಬುದ್ಧಿ ಇದೆ, ಗೆಳೆಯರ ಕಣ್ಣೆದುರು ಅದು ಕೈಕೊಡುತ್ತೆ, ಅಷ್ಟೆ.

ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರ್ತೀನಿ. ಒಂದು ತಪ್ಪು ನಡೀತು ಅಂತಿಟ್ಕೊಳ್ಳಿ. ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಅರ್ಧ ಗಂಟೆಯಲ್ಲಿ ಹೆಸರು, ಸೆಕ್ಷನ್, ಫೋಟೋ ಸಮೇತ ಬಂದುಬಿಡುತ್ತೆ. ‘ಅವನ ಜೊತೆ ಸೇರಬೇಡ’ ಅಂತ ಪ್ರತಿ ಮನೆಯಲ್ಲೂ ಆರ್ಡರ್. ಸೋಮವಾರ ಆ ಹುಡುಗನ ಪಕ್ಕ ಯಾರೂ ಕೂರೋದಿಲ್ಲ. ಇನ್ನು ಅವನನ್ನು ಕರೆದು ಕೂರಿಸ್ಕೊಳ್ಳೋರು ಯಾರು? ಹಾಗೇ ಪಟ್ಟ ಕಟ್ಟಿಸ್ಕೊಂಡ ಇನ್ನೊಂದು ನಾಲ್ಕು ಜನ. ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರ ‘ಔಟ್‌ಸೈಡರ್ಸ್’ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ: ಸಮಾಜ ಒಬ್ಬನಿಗೆ ಹಣೆಪಟ್ಟಿ ಹಚ್ಚಿದರೆ, ಅವನು ನಿಧಾನಕ್ಕೆ ಆ ಪಟ್ಟಿಗೆ ತಕ್ಕಂತೆ ಬದುಕೋಕೆ ಶುರು ಮಾಡ್ತಾನೆ.

ನಮ್ಮ ಕಾನೂನಿಗೂ ಇದು ಗೊತ್ತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ತಪ್ಪು ಮಾಡಿದ ಮಗುವನ್ನು ‘ಅಪರಾಧಿ’ ಅನ್ನೋದಿಲ್ಲ, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಅಂತಾರೆ. ಮಗುವಿನ ವಿಚಾರಣೆಯಲ್ಲಿ ಆರೋಪಿಸುವಂಥ ಪದಗಳೇ ಇರಕೂಡದು ಅನ್ನೋದು ಅದರ ಮೂಲತತ್ವಗಳಲ್ಲಿ ಒಂದು. ಅಂಥ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲಾಗಬಾರದು ಅಂತಲೂ ಇದೆ. ನಮ್ಮ ಗ್ರೂಪುಗಳಿಗೆ ಅಷ್ಟು ತಾಳ್ಮೆ ಇಲ್ಲ.

ಇನ್ನೊಂದು ಮಾತು. ವೇಪ್ ಸಿಕ್ಕಿದಾಗ ಕೋಪವೆಲ್ಲ ಹುಡುಗನ ಮೇಲೆ. ಮಾರಿದವನು ಯಾರು ಅಂತ ಒಬ್ಬರೂ ಕೇಳಲ್ಲ. ಇ-ಸಿಗರೇಟ್ ಮಾರಾಟ ದೇಶದಲ್ಲೇ 2019ರಿಂದ ನಿಷೇಧ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರೋ ಹಾಗೇ ಇಲ್ಲ. ದೂರು ಕೊಡೋದಾದ್ರೆ ಆ ಅಂಗಡಿಯವನ ಮೇಲೆ ಕೊಡಿ.

ಹಾಗಂತ ತಪ್ಪನ್ನು ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಹೊಡೆದ ಮಗು ಹೊಡೆಸಿಕೊಂಡ ಮಗುವಿಗೆ ಉತ್ತರ ಕೊಡಲೇಬೇಕು, ಹಾಳು ಮಾಡಿದ್ದನ್ನು ಸರಿಮಾಡಲೇಬೇಕು. ಆದರೆ ‘ನೀನು ಮಾಡಿದ್ದು ತಪ್ಪು’ ಅನ್ನೋದು ಬೇರೆ, ‘ನೀನೇ ಸರಿಯಿಲ್ಲ’ ಅನ್ನೋದು ಬೇರೆ. ಮೊದಲನೆಯದರಲ್ಲಿ ವಾಪಸ್ ಬರೋಕೆ ದಾರಿ ಇದೆ. ಟೆರಿ ಮೊಫಿಟ್ 1993ರಲ್ಲಿ ಮುಂದಿಟ್ಟ, ಇವತ್ತಿಗೂ ಚರ್ಚೆಯಲ್ಲಿರೋ ವಾದದ ಪ್ರಕಾರ, ಹದಿಹರೆಯದಲ್ಲಿ ಅಡ್ಡದಾರಿ ಹಿಡಿಯುವ ಬಹುಪಾಲು ಮಕ್ಕಳು ವಯಸ್ಸಾದಂತೆ ತಾವಾಗೇ ಬಿಡ್ತಾರೆ. ಜೀವನಪೂರ್ತಿ ಹಾಗೇ ಉಳಿಯೋರು ಕೆಲವೇ ಜನ. ನಾವು ಬಾಗಿಲು ಹಾಕಿಬಿಟ್ಟರೆ ವಾಪಸ್ ಬರೋನು ಎಲ್ಲಿಗೆ ಬರ್ತಾನೆ?

ನಮ್ಮಂಥವರ ಮನೆಯಲ್ಲಿ ಇದು ಇನ್ನೂ ಸೂಕ್ಷ್ಮ. ಅಪ್ಪನ ಪ್ರಾಜೆಕ್ಟ್ ಜೊತೆ ಮಗ ಬೆಂಗಳೂರಿಂದ ಪುಣೆಗೆ, ಪುಣೆಯಿಂದ ಹೈದರಾಬಾದಿಗೆ ಬಂದಿರ್ತಾನೆ. ಒಂಬತ್ತನೇ ಕ್ಲಾಸಿಗೆ ಹೊಸಬನಾಗಿ ಸೇರಿದವನನ್ನು ಮೊದಲು ಸೇರಿಸ್ಕೊಳ್ಳೋ ಗುಂಪೇ ಅವನ ಗುಂಪು, ಅದು ಎಂಥದ್ದೇ ಇರಲಿ. ಊರಲ್ಲಾಗಿದ್ರೆ ಸೋದರಮಾವನೋ ಚಿಕ್ಕಪ್ಪನೋ ಹೆಗಲ ಮೇಲೆ ಕೈ ಹಾಕಿ ‘ಏನೋ ಸಮಾಚಾರ?’ ಅಂತ ವಿಚಾರಿಸ್ತಿದ್ರು. ಇಲ್ಲಿ ಅಪ್ಪ ರಾತ್ರಿ ಕಾಲಲ್ಲಿ, ಅಮ್ಮ ಬೆಳಗಿನ ಸ್ಟ್ಯಾಂಡಪ್ಪಲ್ಲಿ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮಗನ ನಾಲ್ಕು ಸ್ನೇಹಿತರನ್ನು ಮನೆಗೆ ಊಟಕ್ಕೆ ಕರೀರಿ, ಹೆಸರು ಹಿಡಿದು ಮಾತಾಡಿಸಿ. ಮಾತು ಕಮ್ಮಿಯಾದ್ರೆ, ನಿದ್ದೆ ಕೆಟ್ಟರೆ, ಹಳೆ ಸ್ನೇಹಿತರು ಒಮ್ಮೆಲೇ ಮಾಯವಾದ್ರೆ ಮಾರ್ಕ್ಸ್ ಕಾರ್ಡ್ ಬರೋವರೆಗೂ ಕಾಯಬೇಡಿ. ಶಾಲೆಯ ಕೌನ್ಸೆಲರ್ ಹತ್ರ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಮಗು ಅಪಾಯದಲ್ಲಿದ್ರೆ 1098.

ಮುಂದಿನ ಸಲ ಗ್ರೂಪಲ್ಲಿ ಯಾವುದೋ ಹುಡುಗನ ಹೆಸರು ಬಂದಾಗ ಫಾರ್ವರ್ಡ್ ಮಾಡಬೇಡಿ. ಅವನ ಅಮ್ಮನಿಗೆ ಒಂದು ಫೋನ್ ಮಾಡಿ. ಆ ಹೊತ್ತಲ್ಲಿ ಅವರಿಗೆ ಬೇರೆ ಯಾರೂ ಮಾಡಿರೋದಿಲ್ಲ.