ದಂಡೆಯ ಮೇಲೆ ಹಗ್ಗ ಹಿಡಿದವರು

ಹುಮನಾಬಾದಿನಿಂದ ಮುರ್ಡೇಶ್ವರಕ್ಕೆ ರಸ್ತೆಯಲ್ಲಿ ಹತ್ತಿರ ಹತ್ತಿರ 600 ಕಿಲೋಮೀಟರು. ಬೀದರ್ ಜಿಲ್ಲೆಯ ಎಷ್ಟೋ ಮಕ್ಕಳು ಸಮುದ್ರವನ್ನು ಮೊದಲ ಸಲ ಕಾಣುವುದು ಶಾಲಾ ಪ್ರವಾಸದಲ್ಲೇ. ಬಸ್ಸಿಳಿದವರೇ ನೀರಿಗೆ ಓಡುತ್ತಾರೆ. ಅವರಲ್ಲಿ ಕೆಲವರಿಗೆ ಈಜು ಬರುತ್ತದೆ, ಬಾವಿಯಲ್ಲಿ ಕಲಿತದ್ದು. ಕಡಲ ದಂಡೆಯಲ್ಲಿ ನಡೆಯುವ ಸಾವುಗಳನ್ನು ಅರ್ಥ ಮಾಡಿಕೊಳ್ಳಲು ಆ ಬಾವಿಯಿಂದಲೇ ಶುರು ಮಾಡಬೇಕು.

ನಮ್ಮ ಜಿಲ್ಲೆಯ ಬಸವಕಲ್ಯಾಣಕ್ಕೆ ನೀರಾಟ ಹೊಸದಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಕ್ರೀಡೆಗಳ ನಡುವೆ ಜಲಕ್ರೀಡೆಗೂ ಜಾಗವಿದೆ. ಊರಿನ ತ್ರಿಪುರಾಂತಕ ಕೆರೆ ಇವತ್ತಿಗೂ ಇದೆ. ಆದರೆ ರೈತರ ಮಕ್ಕಳು ಈಜು ಕಲಿತದ್ದು ಹೊಲದ ಬಾವಿಗಳಲ್ಲಿ, ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ.

ಕಲಿಸುವವರು ಮನೆಯವರೇ, ಕಾಕಾನೋ ಮಾಮಾನೋ. ಮಗುವಿನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಅಥವಾ ಮುಚ್ಚಳ ಬಿಗಿದ ಖಾಲಿ ಡಬ್ಬಿ ಕಟ್ಟುತ್ತಿದ್ದರು. ಜೊತೆಗೊಂದು ಹಗ್ಗ, ಅದರ ತುದಿ ಮೆಟ್ಟಿಲ ಮೇಲೆ ನಿಂತವರ ಕೈಯಲ್ಲಿ. ಕೈಕಾಲು ಪಳಗಿದಂತೆ ಹಗ್ಗ ಸಡಿಲವಾಗುತ್ತಿತ್ತು, ಬುರುಡೆ ಕಳಚುತ್ತಿತ್ತು. ಹಿರಿಯರ ಕಣ್ಣು ಮಾತ್ರ ಅತ್ತಿತ್ತ ಕದಲುತ್ತಿರಲಿಲ್ಲ. ನೀರು ಇಳಿದಾಗ ಬಂಡೆ ಎಲ್ಲಿ ಮೇಲೆ ಬಂದಿದೆ, ಪಂಪಿನ ಪೈಪು ಯಾವ ಮೂಲೆಯಲ್ಲಿದೆ, ಯಾವ ಮೆಟ್ಟಿಲು ಪಾಚಿಗಟ್ಟಿದೆ ಎಂಬುದೆಲ್ಲ ಅವರಿಗೆ ಗೊತ್ತು. ‘ತಮ್ಮಾ, ಇವತ್ತ ಆ ಕಡಿಂದ ಜಿಗೀಬ್ಯಾಡ, ನೀರ ಇಳದದ’ ಎಂದರೆ ಮುಗಿಯಿತು, ಎದುರು ಮಾತಿಲ್ಲ. ಮುಳುಗುತ್ತಿರುವವನನ್ನು ಮುಂದಿನಿಂದ ಹೋಗಿ ಹಿಡಿಯಬಾರದು, ಗಾಬರಿಯಲ್ಲಿ ಅವನು ತಬ್ಬಿಕೊಂಡರೆ ಇಬ್ಬರೂ ಹೋಗುತ್ತಾರೆ. ರುಮಾಲನ್ನೋ ಧೋತರವನ್ನೋ ಬಿಚ್ಚಿ ತುದಿ ಎಸೆಯಬೇಕು. ಇದೂ ಅಲ್ಲೇ ಕಲಿತದ್ದು. ಅಪಾಯವನ್ನು ಅಳೆಯುವ ಹೊಣೆ ಈಜುವವನೊಬ್ಬನ ತಲೆಯ ಮೇಲೆ ಇರಲಿಲ್ಲ. ಅದು ದಂಡೆಯ ಮೇಲೆ ನಿಂತವರದಾಗಿತ್ತು.

ಕೊಳವೆಬಾವಿಗಳು ಬಂದು ಅಂತರ್ಜಲ ಕೆಳಗಿಳಿದ ಮೇಲೆ ಅನೇಕ ತೆರೆದ ಬಾವಿಗಳು ಬತ್ತಿದವು, ಈಜು ಕಲಿಸುವ ಬೇಸಿಗೆಗಳೂ ಅವುಗಳೊಂದಿಗೆ ಹೋದವು. ಆಮೇಲೆ ಹೊಲಕ್ಕೆ ಬೇರೆ ನೀರು ಬಂತು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಕೃಷಿ ಹೊಂಡಗಳು ಹೆಚ್ಚಿದವು. ಮಳೆಯನ್ನೇ ನಂಬಿದ ರೈತನಿಗೆ ಹೊಂಡ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಬಾವಿಗೆ ಮೆಟ್ಟಿಲಿತ್ತು. ಇಲ್ಲಿ ಈಜು ಬಲ್ಲವನೂ ಮೇಲೆ ಹತ್ತಲಾರದೆ ದಣಿಯುತ್ತಾನೆ. ನೋಡಲು ಹೊಂಡ ಚಿಕ್ಕದು, ಬಾವಿಯಷ್ಟು ಆಳವೂ ಅಲ್ಲ. ಅದಕ್ಕೇ ಅದನ್ನು ಕಂಡರೆ ಮಕ್ಕಳಿಗೆ ಹೆದರಿಕೆಯೇ ಹುಟ್ಟುವುದಿಲ್ಲ.

ಸಮುದ್ರದಲ್ಲಂತೂ ನಮ್ಮ ಲೆಕ್ಕ ಪೂರ್ತಿ ತಪ್ಪುತ್ತದೆ. ಆಳವಿದ್ದಲ್ಲಿ ಅಪಾಯ, ನೀರು ಸುಮ್ಮನಿದ್ದಲ್ಲಿ ಕ್ಷೇಮ ಎಂದು ಬಾವಿ ಕಲಿಸಿದೆ. ದಂಡೆಗೆ ಅಪ್ಪಳಿಸಿದ ಅಲೆಗಳ ನೀರು ಮರಳಿ ಹೋಗಬೇಕಲ್ಲ, ಅದು ಮರಳದಿಬ್ಬಗಳ ನಡುವಿನ ತಗ್ಗನ್ನು ಹುಡುಕಿಕೊಂಡು ಕಿರಿದಾದ ಪ್ರವಾಹವಾಗಿ ಒಳಕ್ಕೆ ಓಡುತ್ತದೆ. ಇದೇ ರಿಪ್ ಕರೆಂಟ್. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರಿನ ಬಣ್ಣ ತುಸು ಕಪ್ಪು. ಅಲೆಗೆ ಅಂಜುವ ಹೊಸಬರು ಇಳಿಯಲು ಆರಿಸಿಕೊಳ್ಳುವುದು ಆ ಶಾಂತ ಜಾಗವನ್ನೇ. ಜೋರಾದಾಗ ಆ ಸೆಳೆತ ಸೆಕೆಂಡಿಗೆ 2 ಮೀಟರಿನಷ್ಟು ವೇಗದಲ್ಲಿ ಓಡುತ್ತದೆ. ಅದು ಕೆಳಕ್ಕೆ ಎಳೆಯುವುದಿಲ್ಲ, ದಂಡೆಯಿಂದ ದೂರ ಒಯ್ಯುತ್ತದೆ. ಅದರ ಎದುರು ದಂಡೆಗೆ ನೇರವಾಗಿ ಈಜಲು ಹೋದವರು ಸುಸ್ತಾಗಿ ಮುಳುಗುತ್ತಾರೆ. ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಂಡು, ಕೈ ಎತ್ತಿ ಕರೆದು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಸರಿಯಬೇಕು.

ಕಡಲತೀರದಲ್ಲಿ ಕಾವಲು ಹುಟ್ಟಿದ್ದರ ಹಿಂದೆಯೂ ಒಂದು ಹಗ್ಗವಿದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 20ನೇ ಶತಮಾನದ ಆರಂಭದವರೆಗೆ ಹಗಲು ಹೊತ್ತು ಸಮುದ್ರಕ್ಕಿಳಿಯುವಂತಿರಲಿಲ್ಲ. 1902ರಲ್ಲಿ ಮ್ಯಾನ್ಲಿ ತೀರದಲ್ಲಿ ಪತ್ರಿಕಾ ಸಂಪಾದಕ ವಿಲಿಯಂ ಗೋಚರ್ ಆ ನಿಯಮ ಮುರಿದ. ನಿಯಮ ಸಡಿಲವಾಯಿತು, ಜನ ನುಗ್ಗಿದರು, ಮುಳುಗುವವರೂ ಹೆಚ್ಚಾದರು. ಆಗ ಸ್ವಯಂಸೇವಕರು ಸಂಘ ಕಟ್ಟಿಕೊಂಡು, ದೊಡ್ಡ ರಾಟೆಗೆ ಸುತ್ತಿದ ಹಗ್ಗದ ತುದಿಯನ್ನು ಈಜುಗಾರನ ಸೊಂಟದ ಪಟ್ಟಿಗೆ ಬಿಗಿದು ಕಳಿಸತೊಡಗಿದರು. 1938ರ ಫೆಬ್ರುವರಿ 6ರಂದು ಬಾಂಡೈ ತೀರದಲ್ಲಿ ದೊಡ್ಡ ಅಲೆಗಳ ಹೊಡೆತಕ್ಕೆ ನೂರಾರು ಜನ ಒಮ್ಮೆಲೇ ಒಳಕ್ಕೆ ಸೆಳೆದುಹೋದರು. ಅಂದು ಐವರು ಸತ್ತರು, ಸುಮಾರು 250 ಜನರನ್ನು ಎಳೆದು ತಂದರು. ನಮ್ಮ ಕಾಕಾ ಮೆಟ್ಟಿಲ ಮೇಲೆ ನಿಂತು ಹಿಡಿದದ್ದೂ ಅಂಥದೇ ಹಗ್ಗ. ಇವತ್ತು ಅದರ ಜಾಗದಲ್ಲಿ ಬಾವುಟವಿದೆ. ಕೆಂಪು–ಹಳದಿ ಬಾವುಟಗಳ ನಡುವೆ ಕಾವಲಿದೆ, ಅಲ್ಲಿ ಇಳಿಯಬಹುದು. ಬರೀ ಕೆಂಪಿದ್ದರೆ ಇಳಿಯಬಾರದು.

ನಮ್ಮ ಕರಾವಳಿಯ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಜೀವರಕ್ಷಕರ ಕಾವಲೂ ಅದರ ಮಾನದಂಡಗಳಲ್ಲೊಂದು. ಮಳೆಗಾಲದಲ್ಲಿ ಮಲ್ಪೆಯ ದಂಡೆಗೆ ಬಲೆಯ ಬೇಲಿ ಕಟ್ಟುತ್ತಾರೆ. ಆದರೂ 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಸಮುದ್ರದ ಪಾಲಾದರು. ಕೋಲಾರವೂ ನಮ್ಮಂತೆ ಸಮುದ್ರ ಕಾಣದ ಜಿಲ್ಲೆ. ಆ ಸುದ್ದಿ ಓದಿದಾಗ ನಮ್ಮ ಕಡೆಯ ಪ್ರವಾಸದ ಬಸ್ಸುಗಳೇ ಕಣ್ಣ ಮುಂದೆ ಬಂದವು.

ಬಸವಕಲ್ಯಾಣ, ಹುಮನಾಬಾದ್‌ನ ಶಾಲೆಗಳು ಪ್ರವಾಸಕ್ಕೆ ಹೊರಡುವ ಮುನ್ನ ತರಗತಿಯಲ್ಲೇ ಒಂದು ಗಂಟೆ ಈ ಸೆಳೆತದ ಚಿತ್ರ ಬರೆದು ತೋರಿಸಲಿ. ಜೀವರಕ್ಷಕರಿಲ್ಲದ ತೀರದಲ್ಲಿ ಬಸ್ಸು ನಿಲ್ಲುವುದೇ ಬೇಡ. ಒಬ್ಬ ಶಿಕ್ಷಕರಿಗೆ ನೀರಿಗಿಳಿಯದೆ, ಫೋಟೊ ತೆಗೆಯದೆ, ದಂಡೆಯಲ್ಲಿ ನಿಂತು ತಲೆ ಎಣಿಸುವ ಕೆಲಸವನ್ನಷ್ಟೇ ಕೊಡಲಿ. ಕೃಷಿ ಹೊಂಡ ಇರುವವರು ಸುತ್ತ ತಂತಿ ಬೇಲಿ ಹಾಕಲಿ, ನಾಲ್ಕೂ ಬದಿಯಲ್ಲಿ ಗೂಟ ಹೊಡೆದು ಗಂಟು ಹಾಕಿದ ಹಗ್ಗವನ್ನು ನೀರಿನ ತನಕ ಇಳಿಬಿಡಲಿ. ಆ ಹಗ್ಗಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಕಿಲ್ಲ.