ಬೆಳೆ ಹಾನಿಗೆ ಇನ್‌ಪುಟ್ ಸಬ್ಸಿಡಿ: ಹಣ ಯಾರ ಖಾತೆಗೆ, ಯಾವ ಆಧಾರದ ಮೇಲೆ?

ಬರ, ಪ್ರವಾಹ, ಆಲಿಕಲ್ಲು ಮಳೆ ಮುಂತಾದ ಪ್ರಕೃತಿ ವಿಕೋಪಗಳಿಂದ ಬೆಳೆ ಹಾನಿಯಾದ ಸಂದರ್ಭದಲ್ಲಿ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳನ್ವಯ ರೈತರಿಗೆ ಇನ್‌ಪುಟ್ ಸಬ್ಸಿಡಿ ಪಾವತಿಸಲಾಗುತ್ತದೆ. ಇದನ್ನು ಬೆಳೆ ಪರಿಹಾರವೆಂದು ಕರೆಯುವುದು ರೂಢಿ. ಆದರೆ ಇದು ನಷ್ಟವಾದ ಬೆಳೆಯ ಬೆಲೆಯಲ್ಲ. ಬೀಜ, ಗೊಬ್ಬರಗಳ ವೆಚ್ಚಕ್ಕೆ ನೀಡುವ ನೆರವು ಮಾತ್ರ. ವಿಮಾ ಕಂತು ಪಾವತಿಸಿ ಪಡೆಯುವ ಬೆಳೆ ವಿಮೆಯೂ ಇದಲ್ಲ.

2022-23 ರಿಂದ 2025-26 ರವರೆಗಿನ ಅವಧಿಗೆ ನಿಗದಿಯಾದ ದರಗಳಂತೆ ಪ್ರತಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ. ಹಾಗೂ ಬಹುವಾರ್ಷಿಕ ಬೆಳೆಗೆ 22,500 ರೂ. ಹಾನಿಯ ಪ್ರಮಾಣ ಶೇಕಡ 33 ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು. ಗರಿಷ್ಠ 2 ಹೆಕ್ಟೇರ್, ಅಂದರೆ ಸುಮಾರು 4 ಎಕರೆ 38 ಗುಂಟೆಗೆ ಮಾತ್ರ ಲೆಕ್ಕ ಹಿಡಿಯಲಾಗುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಕೇಂದ್ರದ ನೆರವು ಬರುವ ಮುನ್ನವೇ ರಾಜ್ಯ ಸರ್ಕಾರವು 2024ರ ಜನವರಿಯಲ್ಲಿ ಮೊದಲ ಕಂತಾಗಿ ಗರಿಷ್ಠ 2,000 ರೂ. ಪಾವತಿಸಿತು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ನಂತರ, 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ 3,454 ಕೋಟಿ ರೂ. ಬಿಡುಗಡೆಯಾಗಿ, ಬಾಕಿ ಮೊತ್ತ ಸಂದಾಯವಾಯಿತು. ಉದಾಹರಣೆಗೆ, 1 ಎಕರೆ 20 ಗುಂಟೆ ಖುಷ್ಕಿ ಜಮೀನಿನಲ್ಲಿ ರಾಗಿ ಕಳೆದುಕೊಂಡ ರೈತನಿಗೆ ಒಟ್ಟು ಸುಮಾರು 5,160 ರೂ. ಲೆಕ್ಕ ಬರುತ್ತದೆ, ಮೊದಲ ಕಂತನ್ನು ಕಳೆದರೆ ಉಳಿಯುವುದು ಸುಮಾರು 3,160 ರೂ. ಎರಡನೆಯ ಬಾರಿ ಬಂದ ಹಣ ಕಡಿಮೆಯೆಂದು ಭಾವಿಸಿದ ಅನೇಕರು ಈ ಕಳೆಯುವ ಲೆಕ್ಕವನ್ನು ಗಮನಿಸಿರಲಿಲ್ಲ.

ಈ ಪಾವತಿಗೆ ರೈತರು ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿಲ್ಲವೆಂಬುದು ಅನುಕೂಲವೂ ಹೌದು, ತೊಡಕೂ ಹೌದು. ಭೂಮಿ ತಂತ್ರಾಂಶದ ಪಹಣಿ, ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿತ ವಿಸ್ತೀರ್ಣ ಹಾಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ಈ ಮೂರನ್ನೂ ತಾಳೆ ನೋಡಿ ಮೊತ್ತವನ್ನು ನಿರ್ಧರಿಸಲಾಗುತ್ತದೆ. ಎರಡು ಸರ್ವೆ ನಂಬರುಗಳ ಪೈಕಿ ಒಂದನ್ನು ಮಾತ್ರ ಫ್ರೂಟ್ಸ್‌ಗೆ ಸೇರಿಸಿದ್ದರೆ ಇನ್ನೊಂದಕ್ಕೆ ಹಣ ಬಾರದು. ಬಿತ್ತಿದ್ದು ತೊಗರಿಯಾಗಿದ್ದು ಸಮೀಕ್ಷೆಯಲ್ಲಿ ಬೀಳು ಎಂದು ನಮೂದಾಗಿದ್ದರೂ ಅಷ್ಟೇ. ಸಮೀಕ್ಷೆಯ ವಿವರವನ್ನು ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ, ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಬೆಳೆ ಒಣಗಿದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಪೌತಿ ಖಾತೆಯದು. ಪಹಣಿಯು ಮೃತಪಟ್ಟ ತಂದೆ ಅಥವಾ ತಾತನ ಹೆಸರಿನಲ್ಲಿಯೇ ಇದ್ದಲ್ಲಿ, ಆ ಹೆಸರಿಗೆ ಆಧಾರ್ ಜೋಡಣೆ ಸಾಧ್ಯವಿಲ್ಲ. ಜಮೀನು ಉಳುತ್ತಿರುವ ಮಕ್ಕಳಿಗೆ ಹಣವೂ ಬಾರದು. ಅಣ್ಣತಮ್ಮಂದಿರಲ್ಲಿ ವಿಭಾಗವಾಗದಿದ್ದರೂ ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ ಮಾಡಿಸಬಹುದು. ಮರಣ ಪ್ರಮಾಣ ಪತ್ರ ಹಾಗೂ ವಂಶವೃಕ್ಷದೊಂದಿಗೆ ನಾಡಕಛೇರಿಯನ್ನು ಸಂಪರ್ಕಿಸತಕ್ಕದ್ದು.

ಹಣವು ಆಧಾರ್ ಆಧಾರಿತವಾಗಿ ನೇರ ಜಮೆಯಾಗುವುದರಿಂದ, ಹಲವು ಖಾತೆಗಳಿರುವವರಿಗೆ ಕಡೆಯದಾಗಿ ಆಧಾರ್ ಜೋಡಿಸಿದ ಖಾತೆಗೇ ಅದು ಹೋಗುತ್ತದೆ. ಹಣ ಬಂದಿಲ್ಲವೆಂದು ಬರುವ ದೂರುಗಳಲ್ಲಿ ಬೇರೊಂದು ಪಾಸ್‌ಬುಕ್ ತೆರೆದು ನೋಡಿದವರದೂ ಇರುತ್ತದೆ. ಪರಿಹಾರ ಮೊತ್ತವನ್ನು ಸಾಲದ ಬಾಕಿಗೆ ಹೊಂದಾಣಿಕೆ ಮಾಡಿಕೊಳ್ಳಬಾರದೆಂದು 2024ರಲ್ಲಿ ಬ್ಯಾಂಕುಗಳಿಗೆ ಸೂಚಿಸಲಾಗಿತ್ತು.

ಗುತ್ತಿಗೆಗೆ ಜಮೀನು ಹಿಡಿದು ಸಾಗುವಳಿ ಮಾಡುವವರ ವಿಷಯ ಬೇರೆ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ನಂತರ, ಕೆಲವು ವಿನಾಯಿತಿಗಳ ಹೊರತು, ರಾಜ್ಯದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡಲು ಅವಕಾಶವಿಲ್ಲ. ಬಾಯಿಮಾತಿನ ಒಪ್ಪಂದವು ಯಾವ ದಾಖಲೆಯಲ್ಲಿಯೂ ಇರುವುದಿಲ್ಲವಾದ್ದರಿಂದ, ಬೀಜಕ್ಕೆ ಹಣ ಹಾಕಿದವನು ಯಾರೇ ಆಗಿರಲಿ, ಇನ್‌ಪುಟ್ ಸಬ್ಸಿಡಿಯು ಪಹಣಿದಾರರ ಖಾತೆಗೆ ಜಮೆಯಾಗುತ್ತದೆ.