ಸಂದಣಿಯ ರಸ್ತೆಯ ಬದಿಯ ಮನೆಗಳಲ್ಲಿ ವಾಯುಸಂಚಾರ

ಕಳೆದ ವಾರ್ಷಿಕೋತ್ಸವದಂದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪುಟ್ಟ ಮಗಳನ್ನು ಕರೆದುಕೊಂಡು ಬಂದು, “ಅಮ್ಮನವರೇ, ಕಿಟಕಿ ತೆರೆದು ಮಲಗಬೇಕೆಂದು ತಾವು ಕಲಿಸಿದಿರಿ. ನಮ್ಮ ಅಪಾರ್ಟ್‌ಮೆಂಟು ದೊಡ್ಡ ರಸ್ತೆಯ ಮೇಲಿದೆ. ತೆರೆದರೆ ಮಸಿ ಬಂದು ಮಗು ಕೆಮ್ಮುತ್ತದೆ. ಮುಚ್ಚಿದರೆ ಉಸಿರು ಕಟ್ಟುತ್ತದೆ. ಏನು ಮಾಡಲಿ?” ಎಂದು ಕೇಳಿದಳು. ಎಷ್ಟೋ ವರುಷ ಆರೋಗ್ಯಪಾಠವನ್ನು ಬೋಧಿಸಿದ ನಮಗೆ ಆಗ ಉತ್ತರ ತೋಚಲಿಲ್ಲ. ಆ ಮೇಲೆ ಓದಿ ತಿಳಿದುಕೊಂಡುದನ್ನು ಪೋಷಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಮುಚ್ಚಿದ ಕೋಣೆಯಲ್ಲಿ ನಾವು ಬಿಟ್ಟ ಉಸಿರಿನ ಇಂಗಾಲಾಮ್ಲವಾಯು, ತೇವ, ಅಡಿಗೆಯ ಹೊಗೆ ಇವು ಕೂಡುತ್ತ ಹೋಗುವುವು. ಆದಕಾರಣ 2016ರ ಭಾರತೀಯ ರಾಷ್ಟ್ರೀಯ ಕಟ್ಟಡ ಸಂಹಿತೆಯು, ಕಿಟಕಿಗಳ ವಿಸ್ತಾರವು ಒಣ ಸೆಕೆಯ ಪ್ರದೇಶದಲ್ಲಿ ನೆಲದ ವಿಸ್ತಾರದ ಹತ್ತನೆಯ ಒಂದು ಪಾಲಿಗೂ, ತೇವದ ಸೆಕೆಯ ಪ್ರದೇಶದಲ್ಲಿ ಆರನೆಯ ಒಂದು ಪಾಲಿಗೂ ಕಡಿಮೆಯಿರಬಾರದೆಂದು ಹೇಳುತ್ತದೆ. ಅಂದರೆ 120 ಚದರಡಿಯ ಕೋಣೆಗೆ ಕ್ರಮವಾಗಿ 12 ಮತ್ತು 20 ಚದರಡಿ. ಆದರೆ ಈ ಅಳತೆಯು ಕಿಟಕಿಯ ಗಾತ್ರವನ್ನು ಕುರಿತದ್ದೇ ಹೊರತು, ಒಳಬರುವ ಗಾಳಿಯ ಗುಣವನ್ನು ಕುರಿತದ್ದಲ್ಲ.

ಮೋಟಾರುಗಳ ಹೊಗೆಯಲ್ಲಿ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಸಣ್ಣ ಕಣಗಳುಂಟು. ಮೂಗು ಇವನ್ನು ತಡೆಯಲಾರದು. ಇವು ಶ್ವಾಸಕೋಶದ ಆಳಕ್ಕೆ ಇಳಿಯುವುವು. ಇಂಥ ಕಣಗಳು ಒಂದು ಘನ ಮೀಟರು ಗಾಳಿಯಲ್ಲಿ ವರ್ಷದ ಸರಾಸರಿ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿತು. 2009ರಲ್ಲಿ ನಮ್ಮ ದೇಶವು ಗೊತ್ತುಮಾಡಿದ ಮಿತಿ 40.

ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವು ಈ ತೊಡಕನ್ನು ಮನಗಂಡು 2008ರಲ್ಲಿ ಒಂದು ಕಾನೂನು ಮಾಡಿತು. ಅದರಂತೆ, ಹೊಗೆ ಹೆಚ್ಚಿರುವ ರಸ್ತೆಗಳ ಬಳಿ ಹೊಸದಾಗಿ ಕಟ್ಟುವ ವಾಸದ ಕಟ್ಟಡಗಳಲ್ಲಿ ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಡುವ ಏರ್ಪಾಡಿರಬೇಕು. ಇದಕ್ಕೆ ‘ಮರ್ವ್ 13’ ಎಂಬ ದರ್ಜೆಯ ಶೋಧಕವು ತಕ್ಕದ್ದು. ಆದರೆ ಇಂಥ ಶೋಧಕವು ಕಣಗಳನ್ನು ಹಿಡಿಯುವುದಲ್ಲದೆ ನೈಟ್ರೋಜನ್ ಡೈ ಆಕ್ಸೈಡಿನಂಥ ವಿಷವಾಯುವನ್ನು ತಡೆಯದು. ಆದುದರಿಂದ ಗಾಳಿಯನ್ನು ಎಳೆದುಕೊಳ್ಳುವ ಬಾಯಿಯು ರಸ್ತೆಗೂ ವಾಹನಗಳನ್ನು ನಿಲ್ಲಿಸುವ ಸ್ಥಳಕ್ಕೂ ದೂರವಾಗಿರಬೇಕು.

ಇಂಥ ಏರ್ಪಾಡಿಲ್ಲದ ಮನೆಗಳಲ್ಲಿ ಗೃಹಿಣಿಯರು ಹೀಗೆ ಮಾಡಬಹುದು. ರಸ್ತೆಯ ಕಡೆಯ ಕಿಟಕಿಗಳನ್ನು ಬೆಳಿಗ್ಗೆ ಮತ್ತು ಸಾಯಂಕಾಲ ಸಂದಣಿಯ ಹೊತ್ತಿನಲ್ಲಿ ಮುಚ್ಚಿ, ಹಿಂಬದಿಯವನ್ನು ತೆರೆಯಬೇಕು. ಮಕ್ಕಳನ್ನು ಹಿಂಬದಿಯ ಕೋಣೆಯಲ್ಲಿ ಮಲಗಿಸಬೇಕು. ಅಡಿಗೆಮನೆಯ ಫ್ಯಾನು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬಂದೇ ಬರುವುದು. ಆದಕಾರಣ ಅದನ್ನು ನಡೆಸುವಾಗ ಹಿಂಬದಿಯ ಕಿಟಕಿ ತೆರೆದಿರಲಿ. ಕೋಣೆಯಲ್ಲಿಡುವ ಏರ್ ಪ್ಯೂರಿಫೈಯರು ಒಳಗಿರುವ ಗಾಳಿಯನ್ನೇ ಸೋಸುತ್ತದೆ, ಹೊಸ ಗಾಳಿಯನ್ನು ತಾರದು.

ಮನೆ ಕೊಳ್ಳುವವರಾದರೋ, ಅಮೃತಶಿಲೆಯ ನೆಲವನ್ನು ನೋಡುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ: ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ? ಗಾಳಿಯು ಎಲ್ಲಿಂದ ಒಳಗೆ ಬರುವುದು? ಶೋಧಕವಿದ್ದರೆ ಅದನ್ನು ಬದಲಾಯಿಸುವವರು ಯಾರು?

ಈ ವರುಷದಿಂದ ನಮ್ಮ ಶಾಲೆಯ ಆರೋಗ್ಯಪಾಠವನ್ನೂ ತಿದ್ದಿಕೊಂಡಿದ್ದೇವೆ. “ಕಿಟಕಿ ತೆರೆಯಿರಿ” ಎಂದು ಈಗಲೂ ಹೇಳುತ್ತೇವೆ. ಯಾವ ಕಿಟಕಿಯನ್ನು, ಯಾವ ಹೊತ್ತಿನಲ್ಲಿ ಎಂಬುದನ್ನೂ ಹೇಳುತ್ತೇವೆ. ನಮ್ಮ ಪಾಠದ ಕೊರತೆಯನ್ನು ತೋರಿಸಿಕೊಟ್ಟ ಆ ಹಳೆಯ ವಿದ್ಯಾರ್ಥಿನಿಗೆ ನಾವು ಋಣಿಗಳು.